ತಂತ್ರಾಂಶದ ದೋಷಗಳೂ ನಮ್ಮ ಮೌನವೂ

"ಸರ್ವರು ಡೌನು" ಎಂಬ ಎರಡು ಮಾತುಗಳು ಈಗ ಕರ್ನಾಟಕದ ಯಾವ ಹಳ್ಳಿಗೂ ಹೊಸವಲ್ಲ. ನಾಡಕಚೇರಿಯಲ್ಲಿ ಜಾತಿ ಆದಾಯದ ಪ್ರಮಾಣಪತ್ರಕ್ಕಾಗಿ ನಿಂತವರೂ, ನ್ಯಾಯಬೆಲೆಯ ಅಂಗಡಿಯಲ್ಲಿ ಹೆಬ್ಬೆರಳನ್ನೊತ್ತಿ ಅಕ್ಕಿಗಾಗಿ ಕಾದವರೂ, ಬ್ಯಾಂಕಿನಲ್ಲಿ ಪಾಸುಪುಸ್ತಕ ಹಿಡಿದು ಕುಳಿತ ವೃದ್ಧರೂ ಈ ಮಾತನ್ನು ಕೇಳಿ, ಮಳೆ ಬಾರದಾಗ ಆಕಾಶವನ್ನು ನೋಡುವಂತೆ ಯಂತ್ರದ ಕಡೆಗೆ ಒಮ್ಮೆ ನೋಡಿ, ಮನೆಗೆ ಹಿಂತಿರುಗುವರು. ಮಳೆಯನ್ನು ಕುರಿತು ದೂರು ಕೊಡುವುದಕ್ಕೆ ಕಚೇರಿಯಿಲ್ಲವೆಂಬುದು ಸರಿಯಷ್ಟೆ. ಆದರೆ ತಂತ್ರಾಂಶವು ಮನುಷ್ಯರು ಬರೆದುದು. ಅದರ ದೋಷಕ್ಕೆ ಒಂದು ಸ್ಥಳವುಂಟು, ಒಂದು ಕಾರಣವುಂಟು, ಅದನ್ನು ತಿದ್ದಬಲ್ಲವನೊಬ್ಬನು ಎಲ್ಲಿಯೋ ಕುಳಿತಿರುವನು. ಕಂಡವರು ಹೇಳದಿರುವುದರಿಂದ, ಇಲ್ಲವೆ ಹೇಳತಕ್ಕ ರೀತಿಯಲ್ಲಿ ಹೇಳದಿರುವುದರಿಂದ, ಎಷ್ಟೋ ದೋಷಗಳು ಅವನ ಕಣ್ಣಿಗೆ ಬೀಳದೆಯೇ ವರ್ಷಗಟ್ಟಲೆ ಬಾಳುತ್ತವೆ.

ಹೇಳದಿರುವುದಕ್ಕೆ ಜನರು ಕೊಡುವ ಕಾರಣಗಳನ್ನು ನಾವು ಬಲ್ಲೆವು. "ನನಗೇ ಉಪಯೋಗಿಸಲು ಬರಲಿಲ್ಲವೇನೋ" ಎಂಬ ಸಂಕೋಚವೇ ಅವುಗಳಲ್ಲಿ ದೊಡ್ಡದು. ಮನೆಯ ಲೆಕ್ಕವನ್ನೂ ಊರಿನ ವ್ಯವಹಾರವನ್ನೂ ಬೆರಳ ತುದಿಯಲ್ಲಿ ಇಟ್ಟುಕೊಂಡವರು ಕೂಡ ಮೊಬೈಲಿನ ಪರದೆಯ ಮುಂದೆ ತಾವೇ ತಪ್ಪಿತಸ್ಥರೆಂದು ಒಪ್ಪಿಕೊಂಡುಬಿಡುವರು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಮ್ಮವರು ಎಷ್ಟು ಚೆನ್ನಾಗಿ ಕಲಿತಿರುವರೆಂದರೆ, ನೆಲವು ನಿಜವಾಗಿಯೂ ಡೊಂಕಾಗಿರುವಾಗಲೂ ಕುಣಿಯುವವಳನ್ನೇ ದೂಷಿಸುವರು. ಇಷ್ಟು ಜನ ಉಪಯೋಗಿಸುತ್ತಿರುವಾಗ ಬೇರೆ ಯಾರೋ ಹೇಳಿಯೇ ಇರುವರೆಂದು ನಂಬಿ ಸುಮ್ಮನಾಗುವವರೂ ಉಂಟು. ಅರಸನು ಕೊಳಕ್ಕೆ ಹಾಲು ಹೊಯ್ಯಿರೆಂದಾಗ ಊರಿನವರೆಲ್ಲರೂ ಕತ್ತಲಲ್ಲಿ ನೀರು ಹೊಯ್ದ ಕಥೆಯನ್ನು ವಾಚಕರು ಬಲ್ಲರು. ಇನ್ನು ಇಂಗ್ಲಿಷಿನ ಭಯ ಬೇರೆ. ಅದರ ಮಾತನ್ನು ಮುಂದೆ ಹೇಳುವೆವು.

ಇದು ಸಣ್ಣಪುಟ್ಟ ಅನಾನುಕೂಲಗಳ ಮಾತು, ಇದಕ್ಕೆ ಸಂಪಾದಕೀಯ ಪುಟವೇತಕ್ಕೆ ಎನ್ನುವವರು ಬ್ರಿಟನ್ನಿನ ಅಂಚೆ ಶಾಖೆಗಳ ವೃತ್ತಾಂತವನ್ನು ಗಮನಿಸಬೇಕು. ಅಲ್ಲಿಯ ಪೋಸ್ಟ್ ಆಫೀಸ್ ಸಂಸ್ಥೆಯು ೧೯೯೯ ರಿಂದ ತನ್ನ ಶಾಖೆಗಳಲ್ಲಿ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶವನ್ನು ಅಳವಡಿಸಿತು. ಅದನ್ನು ಒದಗಿಸಿ ನಡೆಸಿದುದು ಫುಜಿತ್ಸು ಕಂಪನಿ. ಶಾಖೆಗಳನ್ನು ನಡೆಸುತ್ತಿದ್ದವರಾದರೋ ಹಳ್ಳಿಯ ಅಂಗಡಿಯ ಮಗ್ಗುಲಲ್ಲಿಯೇ ಅಂಚೆಯ ವ್ಯವಹಾರವನ್ನೂ ಇಟ್ಟುಕೊಂಡಿದ್ದ ಸಾಮಾನ್ಯ ಗೃಹಸ್ಥರು, ಗೃಹಿಣಿಯರು. ಪೆಟ್ಟಿಗೆಯಲ್ಲಿನ ಹಣಕ್ಕೂ ಯಂತ್ರವು ತೋರಿಸುವ ಮೊತ್ತಕ್ಕೂ ತಾಳೆಯಾಗದಿದ್ದರೆ ಕೊರತೆಯನ್ನು ಅವರೇ ತುಂಬಿಕೊಡಬೇಕೆಂಬುದು ಸಂಸ್ಥೆಯ ನಿಲುವು. ತಂತ್ರಾಂಶದ ತಪ್ಪಿನಿಂದ ಇಲ್ಲದ ಕೊರತೆಗಳು ಕಾಣಿಸಿಕೊಳ್ಳಹತ್ತಿದುವು. ಹ್ಯಾಂಪ್‌ಶೈರಿನ ಹಳ್ಳಿಯೊಂದರ ಜೋ ಹ್ಯಾಮಿಲ್ಟನ್ ಎಂಬಾಕೆ ಸುಮಾರು ೨,೦೦೦ ಪೌಂಡುಗಳ ಕೊರತೆಯನ್ನು ಸಹಾಯವಾಣಿಗೆ ತಿಳಿಸಿ, ಅತ್ತ ಕಡೆಯವರು ಹೇಳಿದಂತೆ ಮಾಡುತ್ತಿರುವಾಗಲೇ ಆ ಕೊರತೆಯು ಆಕೆಯ ಕಣ್ಣೆದುರಿಗೆ ಇಮ್ಮಡಿಯಾಯಿತು. ಇಂಥ ತೊಂದರೆ ನಿಮಗೊಬ್ಬರಿಗೇ ಎಂಬ ಉತ್ತರವನ್ನು ಒಬ್ಬರಲ್ಲ, ಅನೇಕರು ಪ್ರತ್ಯೇಕ ಪ್ರತ್ಯೇಕವಾಗಿ ಕೇಳಿದರು.

ಮುಂದೆ ನಡೆದುದು ಘೋರವಾದುದು. ೯೦೦ ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳುಲೆಕ್ಕಗಳ ಆರೋಪದಿಂದ ಶಿಕ್ಷೆಗೊಳಗಾದರು. ಭಾರತೀಯ ಮೂಲದ ಸೀಮಾ ಮಿಶ್ರಾ ಎಂಬಾಕೆಯನ್ನು ೨೦೧೦ ರಲ್ಲಿ, ಗರ್ಭಿಣಿಯಾಗಿದ್ದಾಗಲೇ, ಸೆರೆಮನೆಗೆ ಕಳುಹಿಸಲಾಯಿತು. ಯಂತ್ರವು ಸರಿಯಾಗಿಯೇ ನಡೆಯುತ್ತಿತ್ತೆಂದು ಮೊದಲೇ ಭಾವಿಸುವುದು ಅಲ್ಲಿಯ ನ್ಯಾಯಾಲಯಗಳ ಪದ್ಧತಿಯಾಗಿತ್ತು; ಹೀಗಾಗಿ ಯಂತ್ರದ ಮಾತಿಗೆ ಇದ್ದ ಬೆಲೆ ಮನುಷ್ಯನ ಮಾತಿಗೆ ಇಲ್ಲವಾಯಿತು. ೨೦೧೯ ರ ಡಿಸೆಂಬರಿನಲ್ಲಿ, ೫೫೫ ಮಂದಿ ಒಟ್ಟಾಗಿ ಹೂಡಿದ್ದ ವ್ಯಾಜ್ಯದಲ್ಲಿ, ಆ ತಂತ್ರಾಂಶದಲ್ಲಿ ಲೆಕ್ಕಗೆಡಿಸುವ ದೋಷಗಳಿದ್ದುವೆಂದು ತೀರ್ಪಾಯಿತು. ೨೦೨೧ ರಲ್ಲಿ ಸೀಮಾ ಮಿಶ್ರಾರನ್ನೊಳಗೊಂಡು ೩೯ ಮಂದಿಯ ಶಿಕ್ಷೆಗಳು ಒಂದೇ ದಿನ ರದ್ದಾದುವು. ೨೦೨೪ ರಲ್ಲಿ ಉಳಿದವರಿಗಾಗಿ ಪಾರ್ಲಿಮೆಂಟು ಕಾನೂನನ್ನೇ ಮಾಡಬೇಕಾಯಿತು. ಅಷ್ಟರಲ್ಲಿ ಮನೆಮಠ ಕಳೆದುಕೊಂಡವರೂ, ನ್ಯಾಯವನ್ನು ಕಾಣದೆಯೇ ತೀರಿಹೋದವರೂ ಅನೇಕರು.

ಈ ವೃತ್ತಾಂತದಿಂದ ಕೆಲವರು, ಹೇಳಿದರೂ ಪ್ರಯೋಜನವಿಲ್ಲವೆಂಬ ನೀತಿಯನ್ನು ತೆಗೆಯಬಹುದು. ನಾವು ಹಾಗೆ ತೆಗೆಯುವುದಿಲ್ಲ. ಅಲ್ಲಿಯ ಜನ ಹೇಳಿದುದು ಹೆಚ್ಚಾಗಿ ಫೋನಿನಲ್ಲಿ, ಒಬ್ಬೊಬ್ಬರಾಗಿ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ. ವೇಲ್ಸ್ ಪ್ರಾಂತದ ಅಲನ್ ಬೇಟ್ಸ್ ಎಂಬಾತನು ತನ್ನ ಶಾಖೆಯ ಕೊರತೆಯನ್ನು ಒಪ್ಪಿಕೊಳ್ಳದೆ ಪತ್ರಗಳನ್ನು ಬರೆದನು, ಪ್ರತಿಗಳನ್ನು ಕಾದಿಟ್ಟನು, ೨೦೦೩ ರಲ್ಲಿ ಶಾಖೆಯನ್ನು ಕಳೆದುಕೊಂಡ ಮೇಲೂ ತನ್ನಂಥವರನ್ನು ಹುಡುಕಿದನು. ೨೦೦೯ ರಲ್ಲಿ ಕಂಪ್ಯೂಟರ್ ವೀಕ್ಲಿ ಪತ್ರಿಕೆಯು ಏಳು ಮಂದಿಯ ಅನುಭವಗಳನ್ನು ಒಟ್ಟಿಗೆ ಅಚ್ಚುಮಾಡಿದಾಗಲೇ "ನಿಮಗೊಬ್ಬರಿಗೇ" ಎಂಬ ಉತ್ತರದ ಬಣ್ಣ ಬಯಲಾದುದು. ಕೊನೆಗೆ ನ್ಯಾಯಾಲಯದಲ್ಲಿ ಕಂಪನಿಯ ದೋಷಪಟ್ಟಿಗಳೇ ಹೊರಬಂದುವು. ಸ್ಕಾಟ್ಲೆಂಡಿನ ಫಾಲ್ಕರ್ಕ್ ಊರಿನ ಶಾಖೆಯೊಂದರ ಹೆಸರನ್ನೇ ಹೊತ್ತ ದೋಷವೊಂದು ೨೦೦೦ ದಿಂದ ೨೦೦೬ ರ ವರೆಗೆ ಬದುಕಿತ್ತೆಂಬುದು ತೀರ್ಪಿನಲ್ಲಿ ದಾಖಲಾಯಿತು. ಬಾಯಿಮಾತು ಗಾಳಿಗೆ ಹೋಯಿತು. ಬರಹವು ಇಪ್ಪತ್ತು ವರ್ಷಗಳ ತರುವಾಯ ಸಾಕ್ಷಿ ನುಡಿಯಿತು.

ಆದುದರಿಂದ ಬಳಕೆದಾರನು ದೋಷವನ್ನು ತಿಳಿಸುವಾಗ ತಾನು ಬೇಡುವವನೆಂದಾಗಲಿ ಜಗಳಗಂಟನೆಂದಾಗಲಿ ಭಾವಿಸತಕ್ಕದ್ದಲ್ಲ. ಸ್ಥಳದಲ್ಲಿದ್ದು ಕಂಡ ಸಾಕ್ಷಿಯೆಂದು ಭಾವಿಸತಕ್ಕದ್ದು. ಮಹಜರನ್ನು ನಮ್ಮವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಶಾನುಭೋಗರೂ ಕುಲಕರ್ಣಿಗಳೂ ಕಳ್ಳತನವಾದ ಮನೆಗೆ ಹೋಗಿ, ಬಾಗಿಲು ಯಾವ ದಿಕ್ಕಿಗೆ, ಬೀಗ ಹೇಗಿತ್ತು, ಏನು ಇತ್ತು, ಏನು ಇಲ್ಲ ಎಂಬುದನ್ನು ಬರೆದು ಪಂಚರ ರುಜು ಹಾಕಿಸುತ್ತಿದ್ದರು. ಕಳ್ಳನು ಯಾರೆಂಬ ಊಹೆಗೆ ಮಹಜರಿನಲ್ಲಿ ಸ್ಥಳವಿರಲಿಲ್ಲ. ತಂತ್ರಾಂಶದ ದೋಷವನ್ನು ಬರೆಯುವ ಕ್ರಮವೂ ಇದೇ.

ದೋಷಕ್ಕೆ ಇಂಗ್ಲಿಷಿನಲ್ಲಿ ಕೀಟವೆಂಬ ಅರ್ಥದ 'ಬಗ್' ಎಂಬ ಹೆಸರುಂಟು. ಹೆಸರು ಹಳೆಯದು, ೧೯ ನೆಯ ಶತಮಾನದ ಎಡಿಸನ್ನನ ಕಾಲದಲ್ಲಿಯೇ ಬಳಕೆಯಲ್ಲಿತ್ತು. ಆದರೆ ನಮ್ಮ ದೇಶವು ಸ್ವತಂತ್ರವಾಗಿ ಒಂದು ತಿಂಗಳೂ ತುಂಬದಿದ್ದ ಕಾಲದಲ್ಲಿ, ೧೯೪೭ ರ ಸೆಪ್ಟೆಂಬರ್ ೯ ರಂದು, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ ೨ ಎಂಬ ಗಣಕದಲ್ಲಿ ನಿಜವಾದ ಪತಂಗವೊಂದು ಸಿಕ್ಕಿಬಿದ್ದಿತ್ತು. ಅಲ್ಲಿಯವರು ದಿನಚರಿಯಲ್ಲಿ ಮಧ್ಯಾಹ್ನ ೩ ಗಂಟೆ ೪೫ ನಿಮಿಷವೆಂದು ವೇಳೆಯನ್ನು ಬರೆದು, ಯಾವ ಫಲಕದ ಎಷ್ಟನೆಯ ರಿಲೇ ಎಂಬುದನ್ನು ನಮೂದಿಸಿ, ಆ ಪತಂಗವನ್ನೇ ಪುಟಕ್ಕೆ ಅಂಟಿಸಿಟ್ಟರು. ಆ ಪುಟವು ಈಗಲೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಹೊತ್ತು, ಸ್ಥಳ, ವಸ್ತು, ಪುರಾವೆ ಎಲ್ಲವೂ ಒಂದೇ ಸಾಲಿನಲ್ಲಿ. ಸಿಟ್ಟಿನ ಮಾತು ಒಂದೂ ಇಲ್ಲ.

ಇದಕ್ಕೆ ಪ್ರತಿಯಾಗಿ ನಮ್ಮಲ್ಲಿ ಹೋಗುವ ದೂರುಗಳು ಬಹುಮಟ್ಟಿಗೆ ಎಂಥವು? "ನಿಮ್ಮ ಆ್ಯಪ್ ಕೆಲಸ ಮಾಡುತ್ತಿಲ್ಲ, ಕೂಡಲೇ ಸರಿಪಡಿಸಿ, ಇಲ್ಲದಿದ್ದರೆ ಮೇಲಿನವರಿಗೆ ತಿಳಿಸುತ್ತೇನೆ." ಪಂಡಿತರ ಮುಂದೆ ಕುಳಿತು "ಮೈ ಸರಿಯಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗುವ ರೋಗಿಗೆ ಯಾವ ಕಷಾಯವನ್ನು ಕೊಡಬೇಕು? ಜ್ವರ ಯಾವಾಗ ಬಂದಿತು, ಚಳಿಯುಂಟೋ ಇಲ್ಲವೋ, ಹಿಂದಿನ ದಿನ ಏನು ಉಂಡಿರಿ ಎಂದು ಅವರು ಕೇಳಿಯೇ ಕೇಳುವರು. ಕಂಪನಿಯ ಎಂಜಿನಿಯರನು ರೋಗಿಯನ್ನು ಕಾಣಲಾರನು; ನಾಡಿ ಹಿಡಿಯಲಾರನು. ಅವನಿಗೆ ನಮ್ಮ ಕಾಗದವೇ ನಾಡಿ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಶಾಲೆಯ ಉಪಾಧ್ಯಾಯರೊಬ್ಬರು ಅಂಕಗಳ ತಂತ್ರಾಂಶದಲ್ಲಿ ರ‍್ಯಾಂಕ್ ಎಂದು ಬರೆದರೆ ಪರದೆಯ ಮೇಲೆ ರ್ಯಾಂಕ್ ಎಂದು, ಯಕಾರದ ಮುಂದೆ ಅರ್ಕಾವತ್ತು ಬಂದು, ವಿಕಾರವಾಗಿ ಮೂಡುವುದೆಂದು ಇಟ್ಟುಕೊಳ್ಳುವ. ಕನ್ನಡದ ಯೂನಿಕೋಡ್ ಕ್ರಮದಲ್ಲಿ ರಕಾರದ ಮುಂದೆ ಒತ್ತಕ್ಷರ ಬಂದರೆ ಯಂತ್ರವು ಅರ್ಕಾವತ್ತನ್ನೇ ಮೂಡಿಸುವುದು ಸಾಮಾನ್ಯ ನಿಯಮ. ಸೂರ್ಯ, ಕಾರ್ಯ ಮೊದಲಾದ ಶಬ್ದಗಳಿಗೆ ಅದೇ ಸರಿ. ರಕಾರವು ಪೂರ್ಣವಾಗಿ ನಿಂತು ಯಕಾರವು ಒತ್ತಾಗಿ ಬರಬೇಕಾದರೆ, ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದನ್ನು ಸೇರಿಸಬೇಕು. ಕೆಲವು ತಂತ್ರಾಂಶಗಳು ಬರಹವನ್ನು ಉಳಿಸುವಾಗ ಆ ಚಿಹ್ನೆಯನ್ನು ಕಸವೆಂದು ತಿಳಿದು ಗುಡಿಸಿಹಾಕುವುವು. ಉಪಾಧ್ಯಾಯರಿಗೆ ಈ ಶಾಸ್ತ್ರವೊಂದೂ ತಿಳಿದಿರಬೇಕಾಗಿಲ್ಲ. ಅವರು ಹೀಗೆ ಬರೆದರೆ ಸಾಕು: ಇಂಥ ಕಂಪನಿಯ ಇಂಥ ಫೋನು, ತಂತ್ರಾಂಶದ ಆವೃತ್ತಿಯ ಸಂಖ್ಯೆ ಇಷ್ಟು, ಇಂಥ ಕೀಲಿಮಣೆಯಿಂದ ಈ ಶಬ್ದವನ್ನು ಬರೆದೆನು, ಬರೆಯುವಾಗ ಸರಿಯಾಗಿ ಕಂಡಿತು, 'ಉಳಿಸು' ಎಂಬ ಗುಂಡಿಯನ್ನು ಒತ್ತಿ ಮತ್ತೆ ತೆರೆದಾಗ ಕೆಟ್ಟಿತ್ತು, ಮೂರು ಸಲ ಮಾಡಿದೆನು, ಮೂರು ಸಲವೂ ಹೀಗೆಯೇ ಆಯಿತು, ಸಹೋದ್ಯೋಗಿಯೊಬ್ಬರ ಫೋನಿನಲ್ಲಿಯೂ ಹಾಗೆಯೇ.

ಇದರಲ್ಲಿ "ಬರೆಯುವಾಗ ಸರಿಯಾಗಿತ್ತು, ಉಳಿಸಿದ ಮೇಲೆ ಕೆಟ್ಟಿತು" ಎಂಬ ಒಂದು ವಾಕ್ಯವೇ ಎಂಜಿನಿಯರನ ಅರ್ಧ ಹುಡುಕಾಟವನ್ನು ತಪ್ಪಿಸುವುದು. ದೋಷವು ಅಕ್ಷರದ ಅಚ್ಚಿನಲ್ಲಿಯೂ ಇಲ್ಲ, ಕೀಲಿಮಣೆಯಲ್ಲಿಯೂ ಇಲ್ಲ, ಉಳಿಸುವ ಹಂತದಲ್ಲಿದೆಯೆಂಬುದು ಅವನಿಗೆ ಹೊಳೆಯುವುದು. ಅದನ್ನು ಬಿಟ್ಟು "ವೈರಸ್ ಬಂದಿದೆ" ಎಂದೋ "ಕನ್ನಡ ಫಾಂಟು ಸರಿಯಿಲ್ಲ" ಎಂದೋ ಊಹೆಯನ್ನೇ ವರದಿಯಾಗಿ ಕಳುಹಿಸಿದರೆ ಅವನು ಇಲ್ಲದ ಕಡೆಯಲ್ಲಿ ಅಗೆಯುವನು. ಊಹೆಯನ್ನು ಹೇಳಬಾರದೆಂದಲ್ಲ, ಕಂಡುದನ್ನೆಲ್ಲ ಬರೆದ ತರುವಾಯ, ಇದು ನನ್ನ ಊಹೆಯೆಂದು ಪ್ರತ್ಯೇಕವಾಗಿ ಹೇಳಬಹುದು. ಹಾಗೆಯೇ ಪರದೆಯ ಚಿತ್ರವನ್ನು ಕಳುಹಿಸುವಾಗ ಕೆಟ್ಟ ಶಬ್ದವನ್ನು ಅಕ್ಷರರೂಪದಲ್ಲಿಯೂ ಅಂಟಿಸಿ ಕಳುಹಿಸಬೇಕು. ಕಣ್ಣಿಗೆ ಹೇಗೆ ಕಂಡಿತೆಂಬುದನ್ನು ಚಿತ್ರವು ಹೇಳುವುದು; ಒಳಗೆ ಯಾವ ಸಂಕೇತಗಳಿದ್ದುವೆಂಬುದು ಅಕ್ಷರಗಳಿಂದಲೇ ತಿಳಿಯುವುದು. ಕನ್ನಡದ ಮಟ್ಟಿಗೆ ಇದು ಬಹಳ ಮುಖ್ಯ. ದೋಷವು ಹತ್ತು ಸಲಕ್ಕೆ ಒಂದು ಸಲ ಮಾತ್ರ ಬರುವುದಾದರೆ ಹಾಗೆಂದೇ ಬರೆಯಬೇಕು. ನಿನ್ನೆಯ ವರೆಗೆ ಸರಿಯಾಗಿದ್ದು ಇಂದು ಕೆಟ್ಟಿದ್ದರೆ, ನಡುವೆ ಏನು ಬದಲಾಯಿತೆಂಬುದನ್ನೂ ನೆನಪು ಮಾಡಿಕೊಳ್ಳಬೇಕು.

೨೦೧೮ ರ ಫೆಬ್ರವರಿಯಲ್ಲಿ ನಮ್ಮ ನೆರೆಯ ತೆಲುಗಿನ 'ಜ್ಞಾ' ಎಂಬ ಒಂದು ಅಕ್ಷರವು, ಒಳಗೆ ಕಾಣದ ಚಿಹ್ನೆಯೊಂದು ಸೇರಿಕೊಂಡ ರೂಪದಲ್ಲಿ, ಆಪಲ್ ಕಂಪನಿಯ ಫೋನುಗಳಲ್ಲಿ ಸಂದೇಶದ ಆ್ಯಪುಗಳನ್ನೇ ಕೆಡವಿಹಾಕಿತು. ಜ್ಞಾನದ ಮೊದಲಕ್ಷರವನ್ನು ಹೊರಲಾರದೆ ಲೋಕದ ಅತಿ ದುಬಾರಿ ಫೋನುಗಳು ಕುಸಿದುವೆಂಬುದು ವಿನೋದವೇ ಸರಿ. ಆಗ ಪೋಕರಿಗಳು ಆ ಅಕ್ಷರವನ್ನು ಪರಿಚಯದವರಿಗೆಲ್ಲ ಕಳುಹಿಸಿ ತಮಾಷೆ ನೋಡಿದರು. ಬೇರೆ ಕೆಲವರಾದರೋ ಯಾವ ವ್ಯಂಜನ, ಯಾವ ಒತ್ತು, ಯಾವ ಚಿಹ್ನೆ, ಯಾವ ಸ್ವರ ಈ ಕ್ರಮದಲ್ಲಿ ಬಂದಾಗ ಮಾತ್ರ ಕೆಡುವುದು, ಯಾವುದನ್ನು ತೆಗೆದರೆ ಕೆಡುವುದಿಲ್ಲ ಎಂಬುದನ್ನು ಒಂದೊಂದಾಗಿ ಶೋಧಿಸಿ ಬಂಗಾಳಿ, ದೇವನಾಗರಿಗಳಲ್ಲಿಯೂ ಅಂಥ ಜೋಡಣೆಗಳುಂಟೆಂದು ತೋರಿಸಿದರು. ಆ ತಿಂಗಳ ೧೯ ರಂದು ತಿದ್ದುಪಡಿಯು ಹೊರಬಂದಿತು.

ಅದು ಕೋಟ್ಯಂತರ ಫೋನುಗಳನ್ನು ತಟ್ಟಿದ ದೋಷ, ಬೇಗನೆ ತಿದ್ದಲ್ಪಟ್ಟಿತು. ಕನ್ನಡದಲ್ಲಿ ಮಾತ್ರವೇ ಕಾಣಿಸಿಕೊಳ್ಳುವ ದೋಷಗಳ ಗತಿ ಹಾಗಲ್ಲ. ಅವುಗಳನ್ನು ಕಾಣತಕ್ಕವರು ನಾವು ಮಾತ್ರ. ಒತ್ತಕ್ಷರವು ಕೆಳಗಿನ ಸಾಲಿನಲ್ಲಿ ಕತ್ತರಿಸಿಹೋದುದನ್ನು ಕ್ಯಾಲಿಫೋರ್ನಿಯದವನು ಕಾಣಲಾರನು. ಹಳಗನ್ನಡದ ೞ ಅಕ್ಷರದ ವಿಷಯವನ್ನೇ ನೋಡಿರಿ. ಪಂಪನು ಬಳಸಿದ ಈ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ದೊರೆತಿರುವ ಹೆಸರು 'ಕನ್ನಡ ಲೆಟರ್ ಫಾ' ಎಂದು. ಅದಕ್ಕೂ ಫಕಾರಕ್ಕೂ ಏನೂ ಸಂಬಂಧವಿಲ್ಲ. ಅದು ಶುದ್ಧ ತಪ್ಪು. ಆದರೆ ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬುದು ಆ ಸಂಸ್ಥೆಯ ನಿಯಮವಾದುದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಬರೆದು, ತಪ್ಪನ್ನು ಹಾಗೆಯೇ ಇಟ್ಟಿದ್ದಾರೆ. ಹೆಸರುಗಳು ಗಟ್ಟಿಯಾಗುವ ಮೊದಲು ಯಾರಾದರೂ ಅದನ್ನು ಎತ್ತಿ ತೋರಿಸಿದ್ದರೆ ಒಂದು ಕ್ಷಣದ ಕೆಲಸವಾಗುತ್ತಿತ್ತು. ಈಗ ಯೂನಿಕೋಡ್ ಇರುವವರೆಗೂ ೞಕಾರವು ಫಕಾರವೇ.

೨೦೨೧ ರ ಜೂನ್ ತಿಂಗಳಲ್ಲಿ ಗೂಗಲ್ ಶೋಧಯಂತ್ರವು ಭಾರತದ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಕನ್ನಡವೆಂದು ಉತ್ತರ ತೋರಿಸಿದಾಗ ನಾಡೆಲ್ಲ ಕೆರಳಿತು. ಮಂತ್ರಿಗಳು ಎಚ್ಚರಿಕೆ ಕೊಟ್ಟರು. ಕಂಪನಿಯು ಆ ಉತ್ತರವನ್ನು ತೆಗೆದು ಕ್ಷಮೆ ಬೇಡಿತು. ಆ ರೋಷವು ನ್ಯಾಯವಾದುದೇ. ಆದರೆ ಅದು ಒಂದು ದಿನದ ಅವಮಾನ. ಅದೇ ಕನ್ನಡವು ದಿನದಿನವೂ ತಪ್ಪಾಗಿ ಮೂಡುವಾಗ, ಅಕಾರಾದಿ ಕ್ರಮವು ಕೆಡುವಾಗ, ಕನ್ನಡದಲ್ಲಿ ತುಂಬಿದ ಹೆಸರು ಅರ್ಜಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುವಾಗ, ಆ ರೋಷದ ನೂರರಲ್ಲಿ ಒಂದು ಪಾಲು ಶ್ರದ್ಧೆಯಿಂದ ನಾಲ್ಕು ಸಾಲು ಬರೆದವರೆಷ್ಟು ಮಂದಿ? ಇಂಗ್ಲಿಷು ಬಾರದೆಂಬ ನೆಪವೂ ಈಗ ಸಲ್ಲದು. ಕನ್ನಡದಲ್ಲಿಯೇ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದರೆ, ಅದನ್ನು ಭಾಷಾಂತರಿಸುವ ಯಂತ್ರಗಳು ಈಗ ಎಲ್ಲ ಕಡೆಗಳಲ್ಲಿಯೂ ಉಂಟು. ಅಲ್ಲದೆ ಇಂಥ ಕಂಪನಿಗಳಲ್ಲಿ ಅನೇಕವು ನಮ್ಮ ಬೆಂಗಳೂರಿನಲ್ಲಿಯೇ ಕುಳಿತಿವೆ.

ಹಣದ ವ್ಯವಹಾರಗಳಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಯುಪಿಐ ಮೂಲಕ ಕಳುಹಿಸಿದ ಹಣವು ನಮ್ಮ ಖಾತೆಯಿಂದ ಹೋಗಿ ಅತ್ತ ಸೇರದಿದ್ದರೆ, ಆ ವ್ಯವಹಾರದ ಸಂಖ್ಯೆಯನ್ನೂ ದಿನಾಂಕವನ್ನೂ ವೇಳೆಯನ್ನೂ ಬರೆದಿಟ್ಟುಕೊಂಡು ಆ್ಯಪಿನ ಒಳಗಿನಿಂದಲೇ, ಅಥವಾ ಬ್ಯಾಂಕಿಗೆ ಲಿಖಿತವಾಗಿ, ತಿಳಿಸತಕ್ಕದ್ದು. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳುಹಿಸಿದ ಇಂಥ ಹಣವು ಮರುದಿನದೊಳಗೆ ಹಿಂತಿರುಗಬೇಕೆಂದೂ, ತಡವಾದರೆ ದಿನಕ್ಕೆ ೧೦೦ ರೂಪಾಯಿ ಪರಿಹಾರ ಸಲ್ಲಬೇಕೆಂದೂ ರಿಸರ್ವ್ ಬ್ಯಾಂಕು ೨೦೧೯ ರ ಸೆಪ್ಟೆಂಬರಿನಲ್ಲಿ ಆಜ್ಞೆ ಮಾಡಿದೆ. ಸಂಖ್ಯೆಯಿಲ್ಲದ ದೂರಿಗೆ ಈ ಆಜ್ಞೆಯ ಬಲ ದೊರೆಯುವುದು ಕಷ್ಟ. ಶೋಧಯಂತ್ರದಲ್ಲಿ ಸಹಾಯವಾಣಿಯ ಸಂಖ್ಯೆಯನ್ನು ಹುಡುಕಿ ಸಿಕ್ಕಿದುದಕ್ಕೆ ಕರೆ ಮಾಡಕೂಡದು; ಅಲ್ಲಿ ವಂಚಕರು ಬಲೆ ಹರಡಿಕೊಂಡಿರುವರು. ಗುಪ್ತಸಂಖ್ಯೆಯನ್ನಾಗಲಿ, ಫೋನಿಗೆ ಬಂದ ಓಟಿಪಿಯನ್ನಾಗಲಿ ಯಾವ ನಿಜವಾದ ಸಂಸ್ಥೆಯೂ ವರದಿಯಲ್ಲಿ ಕೇಳುವುದಿಲ್ಲ. ಪರದೆಯ ಚಿತ್ರವನ್ನು ಕಳುಹಿಸುವಾಗ ಖಾತೆಯ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ಮರೆಮಾಡಬೇಕು.

ಇಷ್ಟೆಲ್ಲವನ್ನೂ ಬಳಕೆದಾರನ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲವೆಂಬುದನ್ನು ನಾವು ಮರೆತಿಲ್ಲ. ತನ್ನದಲ್ಲದ ತಪ್ಪಿಗಾಗಿ ಅವನು ತನ್ನ ವೇಳೆಯನ್ನು ಕಳೆಯುತ್ತಿರುವನು. ಅವನ ಕಾಗದಕ್ಕೆ "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು" ಎಂಬ ಯಂತ್ರದ ಉತ್ತರವೊಂದೇ ಬರುವುದಾದರೆ, ಎರಡನೆಯ ಸಲ ಅವನು ಬರೆಯುವುದಿಲ್ಲ. ಬರೆಯದಿರುವುದಕ್ಕಾಗಿ ಅವನನ್ನು ನಿಂದಿಸಲೂ ಆಗದು. ಖಾಸಗಿ ಕಂಪನಿಗಳ ಮಾತು ಹಾಗಿರಲಿ. ಅದು ಸರಿಬೀಳದಿದ್ದರೆ ಬೇರೆ ಆ್ಯಪಿಗೆ ಹೋಗಬಹುದು. ನಾಡಕಚೇರಿಯನ್ನೂ ಪಡಿತರದ ಅಂಗಡಿಯನ್ನೂ ಪಹಣಿಯನ್ನೂ ಬಿಟ್ಟು ರೈತನು ಎಲ್ಲಿಗೆ ಹೋಗಬೇಕು? ಸರ್ಕಾರವು ಸೇವೆಗಳನ್ನು ತಂತ್ರಾಂಶಕ್ಕೆ ಒಪ್ಪಿಸಿದ ಮೇಲೆ, ಆ ತಂತ್ರಾಂಶದ ದೋಷಗಳನ್ನು ಕೇಳುವ ಬಾಗಿಲನ್ನೂ ತೆರೆದಿಡಬೇಕಾದುದು ಅದರ ಕರ್ತವ್ಯ.

ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿಯೊಂದು ಸರ್ಕಾರಿ ತಂತ್ರಾಂಶದಲ್ಲಿಯೂ ಕನ್ನಡದಲ್ಲಿ ದೋಷವನ್ನು ತಿಳಿಸುವ ಒಂದು ಸ್ಥಳವಿರಲಿ. ತಿಳಿಸಿದವನಿಗೆ ಒಂದು ಸಂಖ್ಯೆ ದೊರೆಯಲಿ. ಬಂದ ದೋಷಗಳ ಪಟ್ಟಿಯು, ಹೇಳಿದವರ ಹೆಸರುಗಳನ್ನು ಬಿಟ್ಟು, ಎಲ್ಲರಿಗೂ ಕಾಣುವಂತಿರಲಿ. ಹಾಗಾದರೆ ಬೀದರಿನವನು ಕಂಡ ದೋಷವನ್ನೇ ಚಾಮರಾಜನಗರದವನೂ ಕಂಡಿರುವನೆಂಬುದು ಇಬ್ಬರಿಗೂ ತಿಳಿಯುವುದು; "ನಿಮಗೊಬ್ಬರಿಗೇ" ಎಂದು ಹೇಳಲು ಯಾರಿಗೂ ಬಾಯಿ ಬಾರದು. "ಸರ್ವರು ಡೌನು" ಎಂದು ಜನರನ್ನು ಹಿಂದಕ್ಕೆ ಕಳುಹಿಸುವ ಗುಮಾಸ್ತನು ಎಷ್ಟು ಗಂಟೆಗೆ ಕೆಟ್ಟಿತು, ಎಷ್ಟು ಗಂಟೆಗೆ ಸರಿಯಾಯಿತು, ಎಷ್ಟು ಮಂದಿ ಹಿಂತಿರುಗಿದರು ಎಂಬುದನ್ನು ಒಂದು ದಿನಚರಿಯಲ್ಲಿ ಬರೆದು ಬಾಗಿಲ ಬಳಿಯಲ್ಲಿಯೇ ತೂಗುಹಾಕಲಿ. ಇದಕ್ಕೆ ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಸಾಕು. ಟೆಂಡರು ಕರೆಯಬೇಕಾದ ಅವಶ್ಯಕತೆಯಿಲ್ಲ.